ಹಿರಿಯರು ಬಳಸುವ ಎಐ ಸಾಧನಕ್ಕೆ ಕನ್ನಡದ ಎಚ್ಚರಿಕೆ ಚೀಟಿ: ಡಬ್ಬಿ ಓದುವುದರಿಂದ ಅಂಟಿಸುವವರೆಗೆ

ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. "ಅಪ್ಪನಿಗೆ ವಾಚ್ ಕೊಡಿಸಿದ್ದೇವೆ, ಬಿದ್ದರೆ ಅದೇ ಫೋನ್ ಮಾಡುತ್ತದಂತೆ, ನಂಬಬಹುದಾ?" ಎನ್ನುವುದು ಒಂದು. "ಅಮ್ಮ ವಾಚ್‌ನಲ್ಲಿ ಬಿ.ಪಿ. ನೋಡಿ ಅವತ್ತಿನ ಮಾತ್ರೆ ಬಿಟ್ಟುಬಿಡುತ್ತಾರೆ, ಹೇಗೆ ತಿಳಿಹೇಳೋದು?" ಎನ್ನುವುದು ಇನ್ನೊಂದು. ಎರಡರ ಮೂಲವೂ ಒಂದೇ. ಆ ಸಾಧನ ಏನನ್ನು ಮಾಡುವುದಿಲ್ಲ ಎಂಬುದನ್ನು ಬಳಸುವವರ ಭಾಷೆಯಲ್ಲಿ, ಅವರ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಯಾರೂ ಹೇಳಿಲ್ಲ.

ಕಂಪನಿಯವರು ಎಚ್ಚರಿಕೆ ಬರೆದೇ ಇರುತ್ತಾರೆ. ಆದರೆ ಅದು ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಇರುತ್ತದೆ. ಡಬ್ಬಿ ಅಟ್ಟ ಸೇರಿದ ದಿನ ಎಚ್ಚರಿಕೆಯೂ ಅಟ್ಟ ಸೇರುತ್ತದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಸೇರಿಸುವುದು ಕಂಪನಿಯ ಇಷ್ಟ ಎನ್ನುತ್ತವೆ ಕೇಂದ್ರದ 2011ರ ಕಾನೂನು ಮಾಪನ ನಿಯಮಗಳು. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಆದರೆ ನಮ್ಮ ಮನೆಗೆ ಬರುವ ಇಂಥ ಸಾಧನಗಳಲ್ಲಿ ಹೆಚ್ಚಿನವು ರಾಜ್ಯದ ಹೊರಗೆ ತಯಾರಾದವು. ಆದ್ದರಿಂದ ಸದ್ಯಕ್ಕೆ ಈ ಕೆಲಸ ಮನೆಯವರ ಪಾಲಿನದು. ಒಂದು ಸಾಧನಕ್ಕೆ ಒಂದು ಮಧ್ಯಾಹ್ನ ಇಟ್ಟುಕೊಂಡರೆ ಮುಗಿಯುತ್ತದೆ.

ಎಐ ಸಾಧನ, ಅಂದರೆ ಕೃತಕ ಬುದ್ಧಿಮತ್ತೆಯ ಸಾಧನ ಎಂದಾಗ ಇಲ್ಲಿ ಉದ್ದೇಶಿಸಿರುವುದು ಸೆನ್ಸರ್‌ನಿಂದಲೋ ಮಾತಿನಿಂದಲೋ ಸಿಕ್ಕ ಮಾಹಿತಿಯನ್ನು ನೋಡಿ ತಾನೇ ಒಂದು ಅಂದಾಜಿಗೆ ಬರುವ ವಸ್ತುಗಳನ್ನು: ಸ್ಮಾರ್ಟ್ ವಾಚ್, ಮಾತಾಡುವ ಸ್ಪೀಕರ್, ಮನೆಯ ಕ್ಯಾಮೆರಾ, ನೆಲ ಗುಡಿಸುವ ರೋಬಾಟ್, ಫೋನಿನೊಳಗಿನ ಚಾಟ್‌ಬಾಟ್. ತಕ್ಕಡಿ ಅಳೆಯುತ್ತದೆ, ಇವು ಅಂದಾಜು ಮಾಡುತ್ತವೆ. ನೀವು ಬರೆಯುವ ಚೀಟಿ ಮುಟ್ಟಿಸಬೇಕಾದ ಮಾತು ಇದು.

ಏನೇನು ಬೇಕು

ಸಾಧನದ ಡಬ್ಬಿ ಮತ್ತು ಕೈಪಿಡಿ, ಕ್ಯಾಮೆರಾ ಇರುವ ಫೋನ್, ಅರ್ಧ ಅಡಿ ಸ್ಕೇಲು, ಹೊಳಪಿಲ್ಲದ ಬಿಳಿ ಅಥವಾ ತಿಳಿ ಹಳದಿ ಸ್ಟಿಕ್ಕರ್ ಕಾಗದ, ಎ5 ಅಳತೆಯ ದಪ್ಪ ಕಾರ್ಡು (ಎ4 ಹಾಳೆಯ ಅರ್ಧ), ಅಳಿಸದ ಕಪ್ಪು ಮಾರ್ಕರ್ ಅಥವಾ ಲೇಸರ್ ಪ್ರಿಂಟ್. ಜೊತೆಗೆ, ಸಾಧನ ಬಳಸುವ ಹಿರಿಯರೂ ಪಕ್ಕದಲ್ಲಿ ಕೂತಿರಬೇಕು. ಅವರಿಲ್ಲದಾಗ ಬರೆದ ಚೀಟಿಯಲ್ಲಿ ನಿಮ್ಮ ಮಾತುಗಳಿರುತ್ತವೆ, ಅವರದು ಇರುವುದಿಲ್ಲ.

1. ಮೊದಲು ಡಬ್ಬಿ ಓದಿ

ಡಬ್ಬಿಯ ಮೇಲೆ ಆಮದುದಾರರ ಅಥವಾ ತಯಾರಕರ ಹೆಸರು ಮತ್ತು ವಿಳಾಸ, ಯಾವ ದೇಶದ್ದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಫೋನ್ ನಂಬರ್ ಮತ್ತು ಇಮೇಲ್ ಇರಲೇಬೇಕು. ಇಷ್ಟೂ ಇಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಆಮೇಲೆ ಆರ್-ನಂಬರ್ ಹುಡುಕಿ. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಯೋಜನೆಯಡಿ ಬರುವ ಎಲೆಕ್ಟ್ರಾನಿಕ್ ವಸ್ತುಗಳ ಮೇಲೆ 'ಐಎಸ್' ಅಂಕಿಯ ಜೊತೆ 'ಆರ್-' ಎಂದು ಶುರುವಾಗುವ 8 ಅಂಕಿಯ ಸಂಖ್ಯೆ ಇರುತ್ತದೆ. ಸ್ಮಾರ್ಟ್ ವಾಚ್, ಸ್ಮಾರ್ಟ್ ಸ್ಪೀಕರ್, ಚಾರ್ಜರ್ ಎಲ್ಲವೂ ಈ ಯೋಜನೆಯಡಿ ಬರುತ್ತವೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು, ಯಾವ ವಸ್ತುವಿನದು ಎಂದು ತಿಳಿಯುತ್ತದೆ. ಡಬ್ಬಿಯ ಹೆಸರೂ ಆ್ಯಪ್ ತೋರಿಸುವ ಹೆಸರೂ ತಾಳೆಯಾಗದಿದ್ದರೆ ಅದು ನಕಲಿ ಇರಬಹುದು. ಚಾರ್ಜರ್‌ನ ನಂಬರನ್ನು ಬೇರೆಯಾಗಿ ನೋಡಿ. ವಾಚ್ ಅಸಲಿ, ಚಾರ್ಜರ್ ಬೇರೆ ಯಾವುದೋ ಎನ್ನುವ ಜೋಡಿ ಮಾರುಕಟ್ಟೆಯಲ್ಲಿ ಸಾಮಾನ್ಯ.

ಇಲ್ಲಿ ಬಹಳ ಜನ ಜಾರಿ ಬೀಳುತ್ತಾರೆ. ಆರ್-ನಂಬರ್ ಹೇಳುವುದು ವಿದ್ಯುತ್ ಮತ್ತು ಬೆಂಕಿಯ ಸುರಕ್ಷತೆಯನ್ನು. ವಾಚ್ ತೋರಿಸುವ ಬಿ.ಪಿ. ಸರಿಯೋ ತಪ್ಪೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ತಿಳಿಯಲು ವೈದ್ಯಕೀಯ ಸಾಧನದ ಲೈಸೆನ್ಸ್ ನೋಡಬೇಕು. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಇಂಥ ಸಾಧನಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯವಾಗಿದೆ. ಇಲ್ಲೇ ತಯಾರಾದದ್ದಾದರೆ ಸಂಖ್ಯೆ 'ಎಂಎಫ್‌ಜಿ/ಎಂಡಿ' ಎಂದು, ಆಮದಾದರೆ 'ಐಎಂಪಿ/ಎಂಡಿ' ಎಂದು ಶುರುವಾಗುತ್ತದೆ. ತೋಳಿಗೆ ಪಟ್ಟಿ ಸುತ್ತುವ ಒಳ್ಳೆಯ ಬಿ.ಪಿ. ಯಂತ್ರದ ಮೇಲೆ ಇದು ಸಿಗುತ್ತದೆ. ಎರಡು ಸಾವಿರ ರೂಪಾಯಿಯ ವಾಚಿನ ಡಬ್ಬಿಯಲ್ಲಿ ಸಿಗುವುದು ಬೇರೆಯದೇ ಸಾಲು: 'ನಾಟ್ ಎ ಮೆಡಿಕಲ್ ಡಿವೈಸ್', 'ನಾಟ್ ಫಾರ್ ಮೆಡಿಕಲ್ ಯೂಸ್', 'ಫಾರ್ ವೆಲ್‌ನೆಸ್ ಪರ್ಪಸ್ ಓನ್ಲಿ'. ಮೂರರ ಅರ್ಥವೂ ಒಂದೇ: ಈ ಅಂಕಿಯನ್ನು ನಂಬಿ ಚಿಕಿತ್ಸೆ ಮಾಡಿಕೊಳ್ಳಬೇಡಿ. ಆ ಸಾಲು ಡಬ್ಬಿಯ ತಳದಲ್ಲೋ ಆ್ಯಪ್‌ನ ಮೊದಲ ಪರದೆಯಲ್ಲೋ ಇರುತ್ತದೆ. ಹುಡುಕಿ, ಫೋಟೊ ತೆಗೆದಿಟ್ಟುಕೊಳ್ಳಿ.

ಇಂಗ್ಲಿಷ್ ತೊಡಕಾದರೆ ಗೂಗಲ್ ಲೆನ್ಸ್‌ನಲ್ಲಿ ಕನ್ನಡಕ್ಕೆ ತಿರುಗಿಸಿ ಓದಬಹುದು. ಆದರೆ ಯಂತ್ರಾನುವಾದದಲ್ಲಿ ನಿಷೇಧದ ಪದ ಒಮ್ಮೊಮ್ಮೆ ಬಿದ್ದುಹೋಗುತ್ತದೆ. ಮೂಲದಲ್ಲಿ 'ನಾಟ್', 'ನೆವರ್', 'ಓನ್ಲಿ', 'ಎಕ್ಸೆಪ್ಟ್' ಇರುವ ಸಾಲುಗಳನ್ನು ಇಂಗ್ಲಿಷ್ ಬಲ್ಲ ಒಬ್ಬರಿಂದ ಓದಿಸಿಕೊಳ್ಳಿ.

2. 'ಇದು ಏನು ಮಾಡುವುದಿಲ್ಲ' ಎಂಬ ಪಟ್ಟಿ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಸಾಧನದಿಂದ ಸಾಧನಕ್ಕೆ ವಿಷಯ ಬೇರೆ.

ವಾಚ್. ಬಿದ್ದದ್ದನ್ನು ಪತ್ತೆ ಮಾಡುವ ಸೌಲಭ್ಯ ಎಲ್ಲ ಬೀಳುವಿಕೆಯನ್ನೂ ಹಿಡಿಯುವುದಿಲ್ಲ. ಜೋರಾಗಿ ಬಿದ್ದರೆ ಹಿಡಿಯುತ್ತದೆ. ಮಂಚದಿಂದ ಮೆಲ್ಲಗೆ ಜಾರಿ ಕೂತರೆ, ಗೋಡೆ ಹಿಡಿದು ಕುಸಿದರೆ ಸುಮ್ಮನಿರಬಹುದು. ಆ್ಯಪಲ್ ವಾಚ್‌ನಲ್ಲಿ ಬಿದ್ದವರು ಸುಮಾರು ಒಂದು ನಿಮಿಷ ಅಲ್ಲಾಡದಿದ್ದರೆ 30 ಸೆಕೆಂಡಿನ ಎಣಿಕೆ ಶುರುವಾಗಿ, ಆಮೇಲೆ ತುರ್ತು ಕರೆ ಹೋಗುತ್ತದೆ. ಸೆಟಪ್ ಮಾಡುವಾಗ ಹಾಕಿದ ವಯಸ್ಸು 55 ಅಥವಾ ಹೆಚ್ಚಿದ್ದರೆ ಮಾತ್ರ ಈ ಸೌಲಭ್ಯ ತಾನಾಗಿ ಆನ್ ಆಗುತ್ತದೆ. ಮಗನೋ ಮಗಳೋ ತಮ್ಮ ಜನ್ಮದಿನಾಂಕ ಹಾಕಿ ಸೆಟಪ್ ಮಾಡಿ ಕೊಟ್ಟಿದ್ದರೆ ಅದು ಆಫ್ ಆಗಿಯೇ ಉಳಿದಿರಬಹುದು. ಇವತ್ತೇ ತೆರೆದು ನೋಡಿ. ಸಿಮ್ ಇಲ್ಲದ ವಾಚ್ ಕರೆ ಮಾಡುವುದು ಫೋನಿನ ಮೂಲಕ. ಫೋನ್ ಜಗಲಿಯಲ್ಲಿ, ಅಪ್ಪ ಹಿತ್ತಿಲ ತೋಟದಲ್ಲಿ ಎಂದಾದರೆ ಕರೆ ಹೋಗದಿರಬಹುದು.

ಬಿ.ಪಿ. ತೋರಿಸುವ ವಾಚುಗಳು ಚರ್ಮದ ಮೇಲೆ ಬೆಳಕು ಬಿಟ್ಟು, ರಕ್ತದ ಹರಿವಿನ ಏರಿಳಿತದಿಂದ ಒತ್ತಡವನ್ನು ಅಂದಾಜು ಮಾಡುತ್ತವೆ. ಸ್ಯಾಮ್‌ಸಂಗ್‌ನಂಥವು ತೋಳಿನ ಪಟ್ಟಿಯ ಯಂತ್ರದೊಂದಿಗೆ 28 ದಿನಕ್ಕೊಮ್ಮೆ ಹೋಲಿಸಿ ಸರಿಹೊಂದಿಸಬೇಕು ಎನ್ನುತ್ತವೆ. ಹೋಲಿಸುವ ಮಾತನ್ನೇ ಎತ್ತದ ಅಗ್ಗದ ವಾಚಿನ ಬಿ.ಪಿ. ಅಂಕಿಯನ್ನು ಲೆಕ್ಕಕ್ಕೇ ಇಡಬೇಡಿ. ಇಸಿಜಿ ಇರುವ ವಾಚ್ ಹೃದಯ ಬಡಿತದ ಲಯ ತಪ್ಪಿದ್ದನ್ನು ಗುರುತಿಸಬಲ್ಲದು, ಹೃದಯಾಘಾತವನ್ನು ಗುರುತಿಸುವುದಿಲ್ಲ. 'ವಾಚ್ ಚೆನ್ನಾಗಿದೆ ಅಂತಿದೆ' ಎಂದು ಎದೆನೋವು ಸಹಿಸಿಕೊಂಡು ಕೂರುವುದಕ್ಕಿಂತ ದೊಡ್ಡ ಅಪಾಯ ಇಲ್ಲ. ಇನ್ನು ಸೂಜಿ ಚುಚ್ಚದೆ ಶುಗರ್ ಹೇಳುವ ವಾಚು, ಉಂಗುರಗಳು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಇವುಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು: ಚರ್ಮ ಚುಚ್ಚದೆ ತಾನೇ ಸಕ್ಕರೆ ಪ್ರಮಾಣ ಅಳೆಯುವ ಯಾವ ವಾಚಿಗಾಗಲಿ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲ ಎಂದು. ಇನ್ಸುಲಿನ್ ತೆಗೆದುಕೊಳ್ಳುವವರ ಕೈಯಲ್ಲಿ ಅಂಥ ವಾಚ್ ಇದ್ದರೆ ಚೀಟಿ ಬರೆಯುತ್ತ ಕೂರಬೇಡಿ, ಶುಗರ್ ತೋರಿಸುವ ಭಾಗವನ್ನೇ ಆ್ಯಪ್‌ನಿಂದ ತೆಗೆದುಹಾಕಿ.

ಪೇಸ್‌ಮೇಕರ್ ಇದ್ದವರ ಮನೆಯಲ್ಲಿ ಆಯಸ್ಕಾಂತದ ಲೆಕ್ಕವೂ ಬರುತ್ತದೆ. ಫೋನ್, ವಾಚ್, ಕಿವಿಗೆ ಹಾಕುವ ಇಯರ್‌ಬಡ್‌ನ ಡಬ್ಬಿ ಇವುಗಳಲ್ಲಿ ಆಯಸ್ಕಾಂತ ಇರುತ್ತದೆ. ಎದೆಯ ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರ, ತಂತಿಯಿಲ್ಲದೆ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರ್ ದೂರ ಇರಬೇಕು ಎಂದು ಆ್ಯಪಲ್ ಕೈಪಿಡಿ ಹೇಳುತ್ತದೆ. ನಮ್ಮ ಹಿರಿಯರು ಫೋನ್ ಇಡುವ ಜಾಗ ಅಂಗಿಯ ಎಡ ಜೇಬು, ಪೇಸ್‌ಮೇಕರ್ ಸಾಮಾನ್ಯವಾಗಿ ಕೂರುವುದೂ ಎಡ ಎದೆಯ ಮೇಲ್ಭಾಗದಲ್ಲೇ. ಈ ಒಂದು ಸಾಲಿಗಾಗಿ ಬೇರೆಯೇ ಚೀಟಿ ಬರೆದು ಫೋನಿನ ಕವರ್‌ಗೆ ಅಂಟಿಸಿ.

ಸ್ಪೀಕರ್. ಬಹುತೇಕ ಸ್ಮಾರ್ಟ್ ಸ್ಪೀಕರ್‌ಗಳು ತುರ್ತು ಸಹಾಯದ 112ಕ್ಕೆ ಕರೆ ಮಾಡುವುದಿಲ್ಲ. "ಕಾಪಾಡು" ಎಂದು ಕೂಗಿದರೆ ಅದು ಹಾಡು ಹಾಕಲೂಬಹುದು. ಕೈಪಿಡಿಯಲ್ಲಿ ತುರ್ತು ಕರೆಯ ಬಗ್ಗೆ ಏನಿದೆ ಎಂದು ಓದಿ ತಿಳಿಯಿರಿ. ಪರೀಕ್ಷೆಗೆಂದು 112 ಒತ್ತಬೇಡಿ, ಆ ಹೊತ್ತಿಗೆ ಬೇರೊಬ್ಬರ ಕರೆ ಕಾಯುತ್ತಿರುತ್ತದೆ. ಬ್ಯಾಟರಿ ಇಲ್ಲದ ಸ್ಪೀಕರ್ ಕರೆಂಟ್ ಹೋದರೆ ಪೂರ್ತಿ ಮೌನ. ಕರೆಂಟ್ ಇದ್ದು ವೈಫೈ ರೌಟರ್ ನಿಂತಿದ್ದರೂ ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ. ಮಾತ್ರೆಯ ನೆನಪನ್ನು ಸ್ಪೀಕರ್ ಒಂದಕ್ಕೇ ಒಪ್ಪಿಸಿದ್ದರೆ ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆ, ಆ ವ್ಯವಸ್ಥೆ ಕೈಕೊಡುತ್ತದೆ. ದೀಪದ ಬಣ್ಣವನ್ನೂ ಗಮನಿಸಿ: ಅಮೆಜಾನ್‌ನ ಎಕೋ ಸ್ಪೀಕರ್‌ನಲ್ಲಿ ಕೆಂಪು ಬೆಳಕು ಎಂದರೆ ಮೈಕ್ ಆಫ್, ಗೂಗಲ್ ನೆಸ್ಟ್‌ನಲ್ಲಿ ಅದಕ್ಕೆ ಕಿತ್ತಳೆ. ಕೆಂಪು ಕಂಡ ಕೂಡಲೇ ಕೆಟ್ಟಿದೆ ಎಂದುಕೊಂಡು ಪ್ಲಗ್ ಕೀಳುವವರಿದ್ದಾರೆ.

ಚಾಟ್‌ಬಾಟ್. ಪರದೆಯ ಕೆಳಗೆ 'ತಪ್ಪಾಗಬಹುದು, ಮುಖ್ಯವಾದದ್ದನ್ನು ಪರಿಶೀಲಿಸಿ' ಎಂಬ ಅರ್ಥದ ಒಂದು ಬೂದು ಬಣ್ಣದ ಸಾಲು ಇರುತ್ತದೆ. ಪೊರೆ ಬಂದ ಕಣ್ಣಿಗೆ ಬೂದು ಅಕ್ಷರ ಕಾಣುವುದೇ ಇಲ್ಲ. 2025ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕರಣವೊಂದು ವರದಿಯಾಯಿತು: ಊಟದ ಉಪ್ಪನ್ನು ಬಿಡಲು ಹೊರಟ 60 ವರ್ಷದ ವ್ಯಕ್ತಿ, ಚಾಟ್‌ಜಿಪಿಟಿಯನ್ನು ಕೇಳಿದ ಮೇಲೆ, ಅದರ ಬದಲು ಸೋಡಿಯಂ ಬ್ರೋಮೈಡ್ ತಿನ್ನತೊಡಗಿ, ಮೂರು ತಿಂಗಳಲ್ಲಿ ಬ್ರೋಮೈಡ್ ವಿಷವೇರಿ ಆಸ್ಪತ್ರೆ ಸೇರಿದರು. ಬಿ.ಪಿ. ಇರುವ ಪ್ರತಿ ಮನೆಯಲ್ಲೂ ಉಪ್ಪು ಕಡಿಮೆ ಮಾಡುವ ಮಾತು ನಡೆಯುತ್ತಲೇ ಇರುತ್ತದೆ, ಆದ್ದರಿಂದ ಇದನ್ನು ದೂರದ ಸುದ್ದಿ ಎಂದುಕೊಳ್ಳುವಂತಿಲ್ಲ. ವಾಟ್ಸ್‌ಆ್ಯಪ್‌ನ ಮೆಟಾ ಎಐ ಉಂಗುರವನ್ನು ಒತ್ತಿದರೆ ತೆರೆಯುವ ಪರದೆ, ಮನುಷ್ಯರ ಜೊತೆಗಿನ ಚಾಟ್‌ನಂತೆಯೇ ಕಾಣುತ್ತದೆ. ಅಲ್ಲಿ ಉತ್ತರಿಸುತ್ತಿರುವುದು ಯಂತ್ರ ಎಂದು ಚೀಟಿಯಲ್ಲಿ ಬರೆಯಲೇಬೇಕು.

ಗುಡಿಸುವ ರೋಬಾಟ್. ಒಂದೇ ಸಾಲು ಸಾಕು: 'ನೀವು ಓಡಾಡುವಾಗ ಇದನ್ನು ಓಡಿಸಬೇಡಿ.' ಕಾಲಿಗೆ ತೊಡರುವುದೇ ಅದರ ಅಪಾಯ. ವೇಳಾಪಟ್ಟಿ ಹಾಕುವಾಗ ಅವರು ಮಧ್ಯಾಹ್ನ ಮಲಗಿ ಏಳುವ ಹೊತ್ತನ್ನು ಬಿಟ್ಟು ಹಾಕಿ.

3. ಚೀಟಿಗೆ ಮುಂಚೆ ಸೆಟ್ಟಿಂಗ್ ಸರಿಮಾಡಿ

ಸೆಟ್ಟಿಂಗ್‌ನಲ್ಲಿ ತಡೆಯಬಹುದಾದ ಅಪಾಯಕ್ಕೆ ಚೀಟಿ ಬರೆದು ಹಿರಿಯರ ನೆನಪಿನ ಮೇಲೆ ಹೊರೆ ಹಾಕಬೇಡಿ. ಸ್ಪೀಕರ್‌ನಲ್ಲಿ ಮಾತಿನಿಂದ ಖರೀದಿಸುವ ಸೌಲಭ್ಯ ಆಫ್ ಮಾಡಿ. ಅಕ್ಷರದ ಗಾತ್ರ ದೊಡ್ಡದು ಮಾಡಿ. ತುರ್ತು ಸಂಪರ್ಕದಲ್ಲಿ ಮೊದಲ ಹೆಸರು ಪಕ್ಕದ ಮನೆಯವರದು ಇರಲಿ, ಅವರ ಬಳಿ ಬೀಗದ ಇನ್ನೊಂದು ಕೈ ಇರಲಿ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಕ್ಕಳ ಹೆಸರು ಆಮೇಲೆ. ಮಾಹಿತಿ ಬಳಕೆಗೆ ಒಪ್ಪಿಗೆ ಕೇಳುವ ಪರದೆಯಲ್ಲಿ ಭಾಷೆಯ ಆಯ್ಕೆ ಇದೆಯೇ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು, ಕನ್ನಡವೂ ಅದರಲ್ಲಿದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ; ಕಂಪನಿಗಳ ಹೊಣೆ ಹಂತಹಂತವಾಗಿ ಜಾರಿಗೆ ಬರುತ್ತದೆ.

ಕೋಣೆಯಲ್ಲಿ ಕ್ಯಾಮೆರಾ ಇಡುವುದಾದರೆ ಮೊದಲು ಅವರನ್ನು ಕೇಳಿ. ಒಪ್ಪಿದರೆ ಬಾಗಿಲ ಬಳಿ 'ಈ ಕೋಣೆಯಲ್ಲಿ ಕ್ಯಾಮೆರಾ ಇದೆ' ಎಂದು ಬರೆದು ಅಂಟಿಸಿ. ಮನೆಗೆಲಸಕ್ಕೆ, ಆರೈಕೆಗೆ ಬರುವವರಿಗೂ ಅದು ತಿಳಿದಿರಬೇಕು.

4. ಸಾಲುಗಳನ್ನು ಬರೆಯಿರಿ

ಒಂದು ಚೀಟಿಗೆ ಐದು ಸಾಲು, ಅದಕ್ಕಿಂತ ಹೆಚ್ಚು ಬೇಡ. ಒಂದು ಸಾಲಿಗೆ ಒಂದು ಮಾತು. ವಾಚಿನ ಚೀಟಿ ಹೀಗಿರಬಹುದು:

ಈ ವಾಚಿನ ಬಿ.ಪಿ. ಬರೀ ಅಂದಾಜು.
ಬಿ.ಪಿ. ನೋಡಲು ತೋಳಿನ ಪಟ್ಟಿ ಕಟ್ಟಿ.
ಮಾತ್ರೆ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.
ಎದೆನೋವು ಬಂದರೆ ತಕ್ಷಣ 108.
ಚಾರ್ಜ್ ಬೆಳಗಿನ ತಿಂಡಿ ಹೊತ್ತಿಗೆ. ರಾತ್ರಿ ಕೈಯಲ್ಲೇ ಇರಲಿ.

ಮೂರನೇ ಸಾಲು ನೋಡಿ. 'ಮಾತ್ರೆ ಬದಲಿಸಬೇಡಿ' ಎಂದೂ ಬರೆಯಬಹುದಿತ್ತು. ಕನ್ನಡದಲ್ಲಿ ನಿಷೇಧ ಬರುವುದು ಪದದ ಬಾಲದಲ್ಲಿ. 'ಬದಲಿಸಬೇಡಿ', 'ಬದಲಿಸಬೇಕು' ಎರಡಕ್ಕೂ ವ್ಯತ್ಯಾಸ ಕೊನೆಯ ಒಂದೇ ಅಕ್ಷರ. ಆ ಅಕ್ಷರ ಮಾಸಿದರೆ, ಚೀಟಿಯ ಅಂಚು ಎದ್ದರೆ, ಅಥವಾ 'ಬದಲಿಸ' ಒಂದು ಸಾಲಿನಲ್ಲಿ, 'ಬೇಡಿ' ಕೆಳಗಿನ ಸಾಲಿನಲ್ಲಿ ಬಿದ್ದರೆ ಓದುವವರಿಗೆ ಸಿಗುವುದು ತದ್ವಿರುದ್ಧ ಅರ್ಥ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಏನು ಮಾಡಬೇಕು ಎಂದೇ ಬರೆಯಿರಿ. ನಿಷೇಧ ಬೇಕೇಬೇಕು ಎಂದಾದರೆ ಸಾಲಿನ ಮೊದಲಲ್ಲೇ ದಪ್ಪಗೆ 'ಬೇಡ:' ಎಂದು ಹಾಕಿ, ಆಮೇಲೆ ಉಳಿದದ್ದು.

ಐದನೇ ಸಾಲಿಗೂ ಕಾರಣವಿದೆ. ಹೆಚ್ಚಿನವರು ವಾಚನ್ನು ರಾತ್ರಿ ಚಾರ್ಜಿಗಿಡುತ್ತಾರೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಕೈ ಖಾಲಿ, ಬೀಳುವ ಸಾಧ್ಯತೆ ಹೆಚ್ಚಿರುವುದೂ ಆಗಲೇ. ಸ್ನಾನದ ಹೊತ್ತಿಗೂ ಇದೇ ಮಾತು. ಕೈಪಿಡಿಯಲ್ಲಿ 5 ಎಟಿಎಂ, ಅಂದರೆ 50 ಮೀಟರ್ ನೀರಿನಷ್ಟು ಒತ್ತಡ ತಡೆಯುತ್ತದೆ ಎಂದಿದ್ದರೆ ಕಟ್ಟಿಕೊಂಡೇ ಸ್ನಾನಕ್ಕೆ ಹೋಗಬಹುದು. ಸೋಪು, ಎಣ್ಣೆ, ತೀರಾ ಬಿಸಿ ನೀರು ವಾಚಿನ ಒಳಗಿನ ರಬ್ಬರ್ ಬಿಗಿತವನ್ನು ಸಡಿಲಿಸುತ್ತವೆ. ಆದ್ದರಿಂದ ಸ್ನಾನವಾದ ಮೇಲೆ ವಾಚನ್ನು ಬರೀ ನೀರಿನಲ್ಲಿ ತೊಳೆದು ಒರೆಸಬೇಕು. ಎಣ್ಣೆ ಸ್ನಾನದ ದಿನ ಮಾತ್ರ ತೆಗೆದಿಟ್ಟು, ಬಚ್ಚಲ ಬಾಗಿಲ ಚಿಲಕ ಹಾಕದಿರುವಂತೆ ಹೇಳಿ.

ಸ್ಪೀಕರ್‌ಗೆ:

ಇದು ಯಂತ್ರ. ಇದರ ಉತ್ತರ ತಪ್ಪಿರಬಹುದು.
ಇದು 112ಕ್ಕೆ ಫೋನ್ ಮಾಡುವುದಿಲ್ಲ. ಫೋನ್ ಕೈಯಲ್ಲಿರಲಿ.
ಕೆಂಪು ದೀಪ: ಕೆಟ್ಟಿಲ್ಲ, ಮೈಕ್ ಆಫ್ ಆಗಿದೆ.
ಗುಟ್ಟಿನ ಮಾತಾಡುವಾಗ ಮೈಕ್ ಗುಂಡಿ ಒತ್ತಿ.

ಫೋನಿನ ಹಿಂಬದಿಗೆ, ಹಣ ಕೇಳುವ ಕರೆಗಳಿಗಾಗಿ ಒಂದು ಸಣ್ಣ ಚೀಟಿ. ಈಗ ಯಾರ ದನಿಯನ್ನಾದರೂ ಎಐನಿಂದ ನಕಲು ಮಾಡಬಹುದು. 'ಮೊಮ್ಮಗನ ದನಿಯಲ್ಲಿ ಹಣ ಕೇಳಿದರೂ ಫೋನ್ ಇಡಿ, ನಾವೇ ತಿರುಗಿ ಮಾಡುತ್ತೇವೆ. ಹಣ ಹೋದರೆ ಕೂಡಲೇ 1930.' 1930 ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪದಗಳನ್ನು ಅವರ ಬಾಯಿಂದಲೇ ಆರಿಸಿ. ಅವರು ಸ್ಪೀಕರ್‌ಗೆ 'ಮಾತಾಡೋ ಡಬ್ಬಿ' ಎನ್ನುತ್ತಿದ್ದರೆ ಚೀಟಿಯಲ್ಲೂ ಅದೇ ಇರಲಿ. ಧಾರವಾಡದ ಮನೆಯಲ್ಲಿ 'ಡಾಕ್ಟರನ್ನ ಕೇಳ್ರಿ' ಎಂದೇ ಬರೆಯಿರಿ. 'ರಕ್ತದೊತ್ತಡ', 'ಮಧುಮೇಹ' ಎಂದು ಬರೆಯುವುದಕ್ಕಿಂತ ಬಿ.ಪಿ., ಶುಗರ್ ಬೇಗ ತಲುಪುತ್ತವೆ. ಫೋನ್ ನಂಬರನ್ನು ಮಾತ್ರ ಕನ್ನಡ ಅಂಕಿಯಲ್ಲಿ ಬರೆಯಬೇಡಿ. ಕೀಲಿಮಣೆಯಲ್ಲಿ ಕಾಣುವ ರೂಪವೇ, 112 ಎಂದೇ, ಚೀಟಿಯಲ್ಲೂ ಇರಬೇಕು.

5. ಅಕ್ಷರ, ಕಾಗದ, ಪ್ರಿಂಟ್

ಓದುವ ದೂರ ಒಂದು ಮೀಟರ್ ಇದ್ದರೆ ಅಕ್ಷರದ ಎತ್ತರ ಒಂದು ಸೆಂಟಿಮೀಟರ್ ಇರಲಿ. ಕೈಯಲ್ಲಿ ಹಿಡಿದು ಓದುವ ಚೀಟಿಗೆ 4 ಮಿಲಿಮೀಟರ್ ಸಾಕು, ಸುಮಾರು 20 ಪಾಯಿಂಟ್. ಆದರೆ ಫಾಂಟಿನಿಂದ ಫಾಂಟಿಗೆ ಎತ್ತರ ಬದಲಾಗುತ್ತದೆ. ಪ್ರಿಂಟ್ ತೆಗೆದು 'ಅ' ಅಕ್ಷರವನ್ನು ಸ್ಕೇಲಿನಲ್ಲಿ ಅಳೆಯಿರಿ, ಒತ್ತಕ್ಷರ ಸೇರಿಸದೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಪೊರೆ ಬಂದ ಕಣ್ಣಿಗೆ ಎರಡೂ ಸೇರಿ ಒಂದು ಕಲೆಯಾಗಿ ಕಾಣುತ್ತದೆ.

ಬಣ್ಣದಲ್ಲಿ ಕಪ್ಪಕ್ಷರ, ಬಿಳಿ ಅಥವಾ ತಿಳಿ ಹಳದಿ ಕಾಗದ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ನೀಲಿ ಯಾವುದು, ಹಸಿರು ಯಾವುದು, ಕಡುನೀಲಿ ಕಪ್ಪೋ ಎಂದು ತಿಳಿಯುವುದು ಕಷ್ಟವಾಗುತ್ತದೆ. ಬಣ್ಣದಿಂದಷ್ಟೇ ಅರ್ಥ ಹೇಳಲು ಹೋಗಬೇಡಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಕೆಳಗೆ ಅದರಲ್ಲಿ ಬೆಳಕು ಮಾತ್ರ ಕಾಣುತ್ತದೆ. ಮ್ಯಾಟ್ ಲ್ಯಾಮಿನೇಷನ್ ಕೇಳಿ.

ಜೆರಾಕ್ಸ್ ಅಂಗಡಿಯಲ್ಲಿ ಆಗುವ ಎಡವಟ್ಟು ಎಂದರೆ ಫಾಂಟ್. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡು ಹೋಗಿ. ಪಿಡಿಎಫ್‌ನಲ್ಲೂ 'ಸ್ಪೀಕರ್', 'ಡಾಕ್ಟರ್' ಪದಗಳ ಒತ್ತು ಮತ್ತು 'ಚಾರ್ಜ್' ಪದದ ಅರ್ಕಾವೊತ್ತು ತಮ್ಮ ಜಾಗದಲ್ಲಿವೆಯೇ ನೋಡಿ. ಇಂಕ್‌ಜೆಟ್ ಪ್ರಿಂಟ್ ನೀರು ತಾಗಿದರೆ ಹರಡುತ್ತದೆ, ಬಿಲ್ ಕಾಗದದಂಥ ಥರ್ಮಲ್ ಸ್ಟಿಕ್ಕರ್ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಲೇಸರ್ ಪ್ರಿಂಟೇ ಸರಿ. ಕೈಬರಹ ಸ್ಪಷ್ಟವಿದ್ದರೆ ಮಾರ್ಕರ್‌ನಲ್ಲಿ ಬರೆದದ್ದೂ ಚೆನ್ನಾಗಿರುತ್ತದೆ. ಮಕ್ಕಳ ಅಕ್ಷರ ಎಂದು ಹಿರಿಯರು ಅದನ್ನು ಹೆಚ್ಚು ಗಮನವಿಟ್ಟು ಓದುತ್ತಾರೆ.

6. ಎಲ್ಲಿ ಅಂಟಿಸಬೇಕು

ತಪ್ಪು ನಡೆಯುವ ಜಾಗದಲ್ಲಿ. ವಾಚಿನ ಬಿ.ಪಿ. ಚೀಟಿ ವಾಚಿನ ಮೇಲೆ ಹಿಡಿಸುವುದಿಲ್ಲ, ಅದರ ಜಾಗ ಮಾತ್ರೆ ಡಬ್ಬಿಯ ಮುಚ್ಚಳ. ಮಾತ್ರೆ ಬಿಡುವ ತೀರ್ಮಾನ ಆಗುವುದು ಅಲ್ಲೇ. ಚಾರ್ಜ್ ಮಾಡುವ ಸಾಲನ್ನು ಕತ್ತರಿಸಿ ಪ್ಲಗ್ ಪಾಯಿಂಟ್ ಪಕ್ಕಕ್ಕೆ. ಸ್ಪೀಕರ್‌ನ ಕಾರ್ಡು ಅದರ ಹಿಂದಿನ ಗೋಡೆಗೆ, ಕೂತವರ ಕಣ್ಣಿನ ಮಟ್ಟಕ್ಕೆ. ವಾಚಿನ ಹಿಂಬದಿಯ ಸೆನ್ಸರ್, ಸ್ಪೀಕರ್‌ನ ಮೈಕ್ ತೂತು, ಗಾಳಿಕಿಂಡಿ, ಚಾರ್ಜರ್‌ನ ಮೈ, ಸೀರಿಯಲ್ ನಂಬರ್ ಇವುಗಳ ಮೇಲೆ ಏನನ್ನೂ ಅಂಟಿಸಬೇಡಿ. ಚಾರ್ಜರ್ ಬಿಸಿಯಾಗುವ ವಸ್ತು; ಸೀರಿಯಲ್ ನಂಬರ್ ಮುಚ್ಚಿದರೆ ವಾರಂಟಿ ಕೇಳುವಾಗ ತೊಂದರೆ.

7. ಅರ್ಥವಾಯಿತೇ ಎಂದು ಕೇಳಬೇಡಿ

ಕೇಳಿದರೆ "ಹೂಂ, ಆಯ್ತಪ್ಪ" ಎಂದೇ ಉತ್ತರ ಬರುತ್ತದೆ. ಅದರ ಬದಲು ಸಂದರ್ಭ ಕೊಡಿ: "ವಾಚ್‌ನಲ್ಲಿ 170 ಅಂತ ಬಂತು ಅನ್ಕೊಳ್ಳಿ ಅಮ್ಮಾ, ಏನ್ ಮಾಡ್ತೀರಿ?" ಅವರು ಚೀಟಿ ನೋಡಿ ತಮ್ಮ ಮಾತಿನಲ್ಲಿ ಹೇಳಲಿ. "ಪಟ್ಟಿ ಕಟ್ಟಿ ನೋಡ್ತೀನಿ" ಎಂದರೆ ಚೀಟಿ ಗೆದ್ದಿತು. "ಇನ್ನೊಂದು ಮಾತ್ರೆ ತಗೋತೀನಿ" ಎಂದರೆ ಆ ಸಾಲನ್ನು ಅಲ್ಲೇ ತಿದ್ದಿ ಬರೆಯಿರಿ. ತಪ್ಪು ಸಾಲಿನದು, ಓದಿದವರದಲ್ಲ. ಚಿತ್ರ ಹಾಕಿದ್ದರೆ ಅದನ್ನೂ ಹೀಗೇ ಪರೀಕ್ಷಿಸಿ. ಎಚ್ಚರಿಕೆ ಚಿಹ್ನೆಗಳ ಅಮೆರಿಕನ್ ಮಾನಕವೊಂದು 100 ಜನರಲ್ಲಿ 85 ಮಂದಿಗೆ ಅರ್ಥವಾಗಬೇಕು, ತದ್ವಿರುದ್ಧವಾಗಿ ತಿಳಿಯುವವರು 5 ಮೀರಬಾರದು ಎನ್ನುತ್ತದೆ. ನಿಮ್ಮ ಮನೆಯ ಚೀಟಿಗೆ ಅಷ್ಟು ಜನ ಬೇಡ, ಬಳಸುವವರು ಮತ್ತು ಅವರ ಓರಗೆಯ ಪಕ್ಕದ ಮನೆಯವರೊಬ್ಬರು ಸಾಕು. ವಾರ ಬಿಟ್ಟು ಫೋನಿನಲ್ಲಿ ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿ.

ಓದಲು ಬಾರದವರಿಗೆ ಅದೇ ಐದು ಸಾಲನ್ನು ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಮೇಲಕ್ಕೆ ಪಿನ್ ಮಾಡಿದ ಚಾಟ್‌ನಲ್ಲಿಡಿ.

8. ಚೀಟಿಗೂ ತಾರೀಖು ಹಾಕಿ

ಎಐ ಸಾಧನ ಕೊಂಡ ದಿನ ಇದ್ದಂತೆ ಉಳಿಯುವುದಿಲ್ಲ. ಒಂದು ಅಪ್‌ಡೇಟ್ ಬಂದರೆ ಗುಂಡಿಯ ಜಾಗ, ಕೆಲವೊಮ್ಮೆ ಸೌಲಭ್ಯವೇ ಬದಲಾಗುತ್ತದೆ. ಚೀಟಿಯ ಮೂಲೆಯಲ್ಲಿ ಬರೆದ ತಿಂಗಳು ಮತ್ತು ವರ್ಷ ಹಾಕಿ, ಮೂರು ತಿಂಗಳಿಗೊಮ್ಮೆ ಅಥವಾ ಊರಿಗೆ ಹೋದಾಗಲೆಲ್ಲ ತಾಳೆ ನೋಡಿ. ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಕೊಡುತ್ತಾರೆ ಎಂಬುದನ್ನು ಕಂಪನಿಯ ಜಾಲತಾಣದಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಬ್ರಿಟನ್‌ನಲ್ಲಿರುವವರಿಗೆ ಇದು ಸುಲಭ: ಅಲ್ಲಿ 2024ರ ಏಪ್ರಿಲ್ 29ರಿಂದ ಇಂಟರ್ನೆಟ್‌ಗೆ ಸೇರುವ ಗೃಹಬಳಕೆಯ ಸಾಧನಗಳ ತಯಾರಕರು ಆ ಅವಧಿಯನ್ನು ಪ್ರಕಟಿಸಲೇಬೇಕು. ಅಲ್ಲಿಂದ ಅಪ್ಪ ಅಮ್ಮನಿಗೆ ಸಾಧನ ಕಳಿಸುವುದಾದರೆ ಆ ತಾರೀಖಿನ ಫೋಟೊವನ್ನೂ ಕಳಿಸಿ.

ಕಂಪನಿಯ ಲೇಬಲ್ಲೇ ಸುಳ್ಳು ಹೇಳಿದ್ದರೆ

ಜಾಹೀರಾತಿನಲ್ಲಿ 'ಬಿ.ಪಿ., ಶುಗರ್ ಎಲ್ಲ ನೋಡುತ್ತದೆ' ಎಂದು ದೊಡ್ಡದಾಗಿ ಬರೆದು, ಕೈಪಿಡಿಯ ಕೊನೆಯ ಪುಟದಲ್ಲಿ 'ವೈದ್ಯಕೀಯ ಸಾಧನವಲ್ಲ' ಎಂದು ಚಿಕ್ಕದಾಗಿ ಬರೆದಿದ್ದರೆ ಎರಡರ ಫೋಟೊವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಜಾಹೀರಾತಿನ ಪುಟ ಯಾವಾಗ ಬೇಕಾದರೂ ಬದಲಾಗುತ್ತದೆ, ಆದ್ದರಿಂದ ಕೊಂಡ ದಿನವೇ ಸ್ಕ್ರೀನ್‌ಶಾಟ್ ತೆಗೆಯುವ ಅಭ್ಯಾಸ ಒಳ್ಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮಿನಂತೆ, ಹಾನಿ ತಡೆಯಲು ಬೇಕಾದ ಬಳಕೆಯ ಸೂಚನೆ ಅಥವಾ ತಪ್ಪು ಬಳಕೆಯ ಎಚ್ಚರಿಕೆ ಸಾಕಷ್ಟಿಲ್ಲದೆ ಹಾನಿಯಾದರೆ ತಯಾರಕರು ಹೊಣೆ.

ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಇ-ಜಾಗೃತಿ ಜಾಲತಾಣದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಬಹುದು; ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವೈದ್ಯಕೀಯ ಸಾಧನದಿಂದಲೇ ದೇಹಕ್ಕೆ ತೊಂದರೆಯಾಗಿದ್ದರೆ 1800-180-3024ಕ್ಕೂ ತಿಳಿಸಿ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ಇಂಥ ವರದಿಗಳನ್ನು ಸಂಗ್ರಹಿಸುತ್ತದೆ. ಹಿರಿಯರಿಗೆ ತಾವೇ ಮಾತಾಡಬೇಕೆನಿಸಿದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ದೂರಿನ ಜೊತೆ ಬಿಲ್ಲು, ಡಬ್ಬಿಯ ಆರೂ ಬದಿಯ ಫೋಟೊ, ಆರ್-ನಂಬರ್ ಮತ್ತು ಸೀರಿಯಲ್ ನಂಬರ್, ಜಾಹೀರಾತಿನ ಸ್ಕ್ರೀನ್‌ಶಾಟ್, ಆ್ಯಪ್‌ನ ಆವೃತ್ತಿ, ತೊಂದರೆಯಾದ ದಿನ ಮತ್ತು ಹೊತ್ತು ಇರಲಿ. ವಾಚ್ ತೋರಿಸಿದ ಅಂಕಿ ಮತ್ತು ಅದೇ ಹೊತ್ತಿನಲ್ಲಿ ತೋಳಿನ ಪಟ್ಟಿ ತೋರಿಸಿದ ಅಂಕಿ ಎರಡೂ ಒಂದೇ ಫೋಟೊದಲ್ಲಿ ಇದ್ದರೆ ದೂರು ಗಟ್ಟಿಯಾಗುತ್ತದೆ.